ಮುಂದಿನ ಬ್ರೇಕಿನ ಎರಡು ಬೋಲ್ಟುಗಳು

ಹೊಸಪೇಟೆ
11 ಜೂನ್ 2006

ಶೈಲಮ್ಮನವರಿಗೆ ಜಂಬುನಾಥನ ನಮಸ್ಕಾರಗಳು.

ನನ್ನ ನೆನಪು ಇದೆಯೋ ಇಲ್ಲವೋ. ಪಾಪಿನಾಯಕನಹಳ್ಳಿಯ ನಿಮ್ಮ ಅಪ್ಪನವರ ಅಕ್ಕಿ ಮಿಲ್ಲಿನಲ್ಲಿ ಹದಿನಾರು ವರ್ಷ ಎಂಜಿನ್ ನೋಡಿಕೊಂಡವನು ನಾನು. ನೀವು ಚಿಕ್ಕವರಿದ್ದಾಗ ಜಂಬಣ್ಣ ಎಂದು ಕರೆಯುತ್ತಿದ್ದಿರಿ. ಈಗ ಬಳ್ಳಾರಿ ರಸ್ತೆಯಲ್ಲಿ ನನ್ನದೇ ಒಂದು ಶೆಡ್ ಇದೆ. ಫೋನ್ ಮಾಡುವ ಕಾಲದಲ್ಲಿ ಕಾಗದ ಬರೆಯುತ್ತಾನಲ್ಲ ಎಂದು ನಗಬೇಡಿ. ನಡುವೆ ಆರು ವರ್ಷ ಸಂಡೂರಿನ ಕಡೆ ಅದಿರು ಒಡೆಯುವ ಕ್ರಷರ್‌ನಲ್ಲಿ ಫಿಟ್ಟರ್ ಆಗಿದ್ದೆ. ನನ್ನ ಎರಡೂ ಕಿವಿ ಅಲ್ಲೇ ಉಳಿದವು. ಈಗ ಯಾರೇ ಮಾತಾಡಬೇಕಾದರೂ ಸ್ಲೇಟಿನ ಮೇಲೆ ಬರೆದು ತೋರಿಸಬೇಕು.

ಕೆಲಸದ ಮಾತಿಗೆ ಬರುತ್ತೇನೆ. ಅಪ್ಪನವರ ಬಿಳಿ ಜರ್ಮನ್ ಗಾಡಿ ಅವರು ತೀರಿಕೊಂಡ ಮೇಲೆ ಏಳು ವರ್ಷ ಗೋದಾಮಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ನಿಮ್ಮ ತಮ್ಮ ಈಶ್ವರ ಸಾಹುಕಾರರ ಹತ್ತಿರ ಈಗ ಹೊಸ ಗಾಡಿಗಳೇ ನಾಲ್ಕಿವೆ. ಆದರೆ ಅದಿರು ಕೊಳ್ಳಲು ಬರುವ ಪರದೇಶದವರಿಗೆ ಹಳೆಯ ದೊಡ್ಡ ಗಾಡಿಯಲ್ಲಿ ಕೂತು ಹಂಪಿ ನೋಡುವ ಆಸೆಯಂತೆ. ಸಾಹುಕಾರರು ಶೆಡ್ಡಿಗೆ ಬಂದು ಬರೆದರು: "ದಸರಾದೊಳಗ ಗಾಡಿ ರಸ್ತಿ ಮ್ಯಾಲೆ ಇರ್ಬೇಕು ಜಂಬಣ್ಣ. ನಿನ್ನ ಬಿಟ್ರ ಅದನ್ನ ಮುಟ್ಟೋರಿಲ್ಲ."

ಅಂಬಾಸಿಡರ್ ಆಗಿದ್ದರೆ ಕಣ್ಣು ಮುಚ್ಚಿ ಬಿಚ್ಚುತ್ತಿದ್ದೆ. ಇದು ಹಾಗಲ್ಲ. ಇದರ ಒಂದೊಂದು ನಟ್ಟನ್ನು ಎಷ್ಟು ಬಿಗಿ ಮಾಡಬೇಕು ಎನ್ನುವುದಕ್ಕೂ ಲೆಕ್ಕವಿದೆ. ಅಪ್ಪನವರು ಮದ್ರಾಸಿನಿಂದ ಗಾಡಿಯ ಜೊತೆಗೆ ತಂದ, ಫ್ಯಾಕ್ಟರಿಯವರೇ ಅಚ್ಚು ಹಾಕಿಸಿದ ಆ ದಪ್ಪ ಸರ್ವಿಸ್ ಮ್ಯಾನುಯಲ್ ನಿಮ್ಮ ಹತ್ತಿರ ಇದೆ ಎಂದು ಕೇಳಿದೆ. ಎರಡು ತಿಂಗಳ ಮಟ್ಟಿಗೆ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ. ಇಂಗ್ಲಿಷ್ ಓದಲು ಇಲ್ಲಿ ಯಾರನ್ನಾದರೂ ಹಿಡಿಯುತ್ತೇನೆ.

ಜಂಬುನಾಥ

---

ಧಾರವಾಡ
20 ಜೂನ್ 2006

ಪ್ರೀತಿಯ ಜಂಬಣ್ಣ,

ನಿಮ್ಮನ್ನು ಮರೆಯುವುದುಂಟೇ? ಭಾನುವಾರ ಮುಂಜಾನೆ ಅಪ್ಪ ನನ್ನನ್ನು ಬಾನೆಟ್ಟಿನ ಪಕ್ಕ ಸ್ಟೂಲಿನ ಮೇಲೆ ನಿಲ್ಲಿಸಿ ಮ್ಯಾನುಯಲ್ ಓದಿಸುತ್ತಿದ್ದರು. ನಾನು ಓದಿ ಕನ್ನಡದಲ್ಲಿ ಹೇಳಬೇಕು, ನೀವು ಬಿಚ್ಚಬೇಕು. ನಾನು ತಡವರಿಸಿದರೆ ನೀವು ಪಾನಾ ಹಿಡಿದು ಸುಮ್ಮನೆ ಕಾಯುತ್ತಿದ್ದಿರಿ. ನಾನು ಇವತ್ತು ಇಂಗ್ಲಿಷ್ ಟೀಚರ್ ಆಗಿರುವುದು ಆ ಪುಸ್ತಕದಿಂದಲೇ.

ಕಿವಿಯ ವಿಷಯ ಓದಿ ಸಂಕಟವಾಯಿತು. ನನಗೆ ಯಾರೂ ಹೇಳಿರಲಿಲ್ಲ. ಊರಿನ ಸುದ್ದಿ ಹೇಳುವವರು ಈಗ ಯಾರಿದ್ದಾರೆ?

ಪುಸ್ತಕವನ್ನು ಮಾತ್ರ ಕಳಿಸಲಾರೆ, ಬೇಸರ ಮಾಡಿಕೊಳ್ಳಬೇಡಿ. ಮಿಲ್ಲು ಈಶ್ವರನಿಗೆ ಹೋಯಿತು. ಭತ್ತ ಒಣಗಿಸುತ್ತಿದ್ದ ಕಣದಲ್ಲಿ ಅವನು ಅದಿರು ಗುಡ್ಡೆ ಹಾಕಿಸಿದ ದಿನದಿಂದ ನಮಗೆ ಮಾತು ಕಡಿಮೆ. ಅಪ್ಪನದು ಎಂದು ನನ್ನ ಪಾಲಿಗೆ ಉಳಿದಿದ್ದು ಇದೊಂದೇ. ಗಾಡಿಯ ಜೊತೆ ಈಶ್ವರನ ಮನೆಗೆ ಹೋದರೆ ಇದು ತಿರುಗಿ ಬರುವುದಿಲ್ಲ.

ನಿಮಗೆ ಯಾವ ಭಾಗ ಬೇಕೋ ಬರೆಯಿರಿ. ನಾನೇ ಕನ್ನಡದಲ್ಲಿ ಬರೆದು, ಚಿತ್ರಗಳನ್ನು ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಹಿಂದೆ ಓದಿ ಹೇಳುತ್ತಿದ್ದೆ, ಈಗ ಬರೆದು ಹೇಳುತ್ತೇನೆ. ಅಷ್ಟೇ ವ್ಯತ್ಯಾಸ.

ಶೈಲಜಾ

---

ಹೊಸಪೇಟೆ
23 ಜುಲೈ 2006

ಶೈಲಮ್ಮನವರಿಗೆ,

ನೀವು ಕಳಿಸಿದ ಮೂರೂ ಕಂತು ಬಂದವು. ಅಕ್ಷರಗಳು ಮುತ್ತಿನಂತಿವೆ. ಆದರೆ 'ದಹನ ಕೋಷ್ಠ' ಎಂದರೆ ಏನೆಂದು ಅರ್ಧ ದಿನ ತಲೆ ಕೆರೆದುಕೊಂಡೆ. ಚಿತ್ರ ನೋಡಿದ ಮೇಲೆ ಗೊತ್ತಾಯಿತು, ಚೇಂಬರ್. ಇನ್ನು ಮುಂದೆ ಚೇಂಬರಿಗೆ ಚೇಂಬರ್ ಎಂದೇ ಬರೆಯಿರಿ ತಾಯಿ. ನಮ್ಮ ಶೆಡ್ಡಿನಲ್ಲಿ ಪಂಡಿತರಿಲ್ಲ.

ಮೊನ್ನೆ ಗುರುವಾರ ಎಂಜಿನ್ ಎದ್ದಿತು. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ ಆನಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೆ ಒಳಗಿನ ಬಡಿತವೆಲ್ಲ ದವಡೆಗೆ ಬರುತ್ತದೆ. ಕಿವಿ ಇದ್ದವರಿಗಿಂತ ನನಗೇ ಚೆನ್ನಾಗಿ ತಿಳಿಯುತ್ತದೆ. ಇದನ್ನು ಸುತ್ತಮುತ್ತಲಿನವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಇಲ್ಲದಿದ್ದರೆ ಕಿವುಡ ಮೇಸ್ತ್ರಿ ಹತ್ತಿರ ಗಾಡಿ ಬಿಡುವವರು ಯಾರು?

ಏರ್ ಫಿಲ್ಟರ್ ವರ್ಷಕ್ಕೊಮ್ಮೆ ಬದಲಿಸಿ ಎಂದು ಪುಸ್ತಕದಲ್ಲಿದೆಯಲ್ಲ, ಅದನ್ನು ಬರೆದವನು ನಮ್ಮ ರಸ್ತೆಯಲ್ಲಿ ಒಂದು ದಿನ ನಿಲ್ಲಬೇಕು. ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುತ್ತವೆ. ಇಲ್ಲಿ ಬಿಳಿ ನಾಯಿಯೇ ಇಲ್ಲ, ಧೂಳಿಗೆ ಎಲ್ಲ ಕೆಂಪು. ಹದಿನೈದು ದಿನಕ್ಕೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಇನ್ನು ಮುಂದಿನ ಬ್ರೇಕ್ ಒಂದು ಬಾಕಿ. ಏಳು ವರ್ಷ ನಿಂತ ಗಾಡಿ, ಗಾಲಿಯ ತಟ್ಟೆಯನ್ನು ಅಮುಕಿ ನಿಲ್ಲಿಸುವ ಕ್ಯಾಲಿಪರ್‌ಗಳು ತುಕ್ಕಿಗೆ ಬಿಗಿದುಕೊಂಡಿವೆ. ಬಿಚ್ಚಿ ತೊಳೆದು ಕಟ್ಟಬೇಕು. ಆ ಭಾಗವನ್ನು ಜಲ್ದಿ ಕಳಿಸಿ, ಸಾಹುಕಾರರು ದಿನಾ ಆಳು ಕಳಿಸುತ್ತಿದ್ದಾರೆ.

ಜಂಬುನಾಥ

---

ಧಾರವಾಡ
6 ಆಗಸ್ಟ್ 2006

ಜಂಬಣ್ಣ,

ಶಾಲೆಯಲ್ಲಿ ಕಿರುಪರೀಕ್ಷೆ ನಡೆದಿದೆ. ಉತ್ತರ ಪತ್ರಿಕೆಗಳ ಕಟ್ಟು ಪಕ್ಕಕ್ಕಿಟ್ಟು ನಿಮ್ಮ ಬ್ರೇಕ್ ಬರೆದಿದ್ದೇನೆ. ಬಿಚ್ಚುವ ಕ್ರಮ ಒಂದರಿಂದ ಎಂಟು, ಜೋಡಿಸುವ ಕ್ರಮ ಒಂಬತ್ತರಿಂದ ಹದಿನಾಲ್ಕು. ಮುಖ್ಯವಾದುದನ್ನು ಇಲ್ಲಿಯೂ ಬರೆಯುತ್ತೇನೆ. ಕ್ಯಾಲಿಪರನ್ನು ಅದರ ಜಾಗದಲ್ಲಿ ಕೂರಿಸಿ, ಎರಡು ಬೋಲ್ಟ್ ಹಾಕಿ, ಟಾರ್ಕ್ ವ್ರೆಂಚನ್ನು 115ಕ್ಕೆ ಇಟ್ಟು ಬಿಗಿಮಾಡಿ. ಬ್ರೇಕ್ ಆಯಿಲ್ ತುಂಬಿ, ಗಾಳಿ ತೆಗೆಯಿರಿ. ಗಾಡಿಯನ್ನು ಹೊರಡಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ನೋಡಿ.

ಈ ಸಲ ಪಂಡಿತರ ಪದ ಒಂದೂ ಇಲ್ಲ, ಗಮನಿಸಿ. ಎಲ್ಲವನ್ನೂ ಎರಡು ಸಲ ಹೋಲಿಸಿ ನೋಡಿದ್ದೇನೆ. ಧೈರ್ಯವಾಗಿ ಕೆಲಸ ಮಾಡಿ.

ಶೈಲಜಾ

---

ಹೊಸಪೇಟೆ
10 ಸೆಪ್ಟೆಂಬರ್ 2006

ಶೈಲಮ್ಮನವರಿಗೆ,

ಗಾಡಿ ರಸ್ತೆಗೆ ಇಳಿಯಿತು. ನೀವು ಬರೆದಿದ್ದನ್ನು ಗೋಡೆಗೆ ಅಂಟಿಸಿಕೊಂಡು ಒಂದೊಂದೇ ಸಾಲು ಓದಿ, ಒಂದೊಂದಕ್ಕೆ ಗೀಟು ಹಾಕುತ್ತ ಬ್ರೇಕ್ ಕಟ್ಟಿದೆ. ಕ್ಯಾಲಿಪರಿನ ಆ ಎರಡು ಬೋಲ್ಟು ನೋಡಬೇಕಿತ್ತು ನೀವು. ಇಪ್ಪತ್ತು ವರ್ಷದ ಹಿಂದಿನ ಉಕ್ಕು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರೆ ಹೊಳೆಯುತ್ತಿತ್ತು. ಅವನ್ನೇ ತಿರುಗಿ ಹಾಕಿ ಬಿಗಿಮಾಡಿದೆ. ನಮ್ಮ ಕಸುಬಿನಲ್ಲಿ ಥ್ರೆಡ್ಡು ಸವೆಯದ ಬೋಲ್ಟನ್ನು ಎಸೆಯುವವನು ಮೇಸ್ತ್ರಿಯೇ ಅಲ್ಲ.

ಡ್ರೈವರ್ ಹನುಮಣ್ಣನಿಗೆ ಗಾಡಿ ಒಪ್ಪಿಸಿದ್ದಾರೆ. ಮೊದಲು ನಿಮ್ಮ ಮಿಲ್ಲಿನ ಲಾರಿ ಓಡಿಸುತ್ತಿದ್ದನಲ್ಲ, ಕಂಪ್ಲಿಯಿಂದ ಭತ್ತ ತರುತ್ತಿದ್ದವನು, ಅವನೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕೋಳಿಯ ಮೇಲೂ ಗಾಲಿ ಹತ್ತಿಸಿದವನಲ್ಲ. ಕಮಲಾಪುರದವರೆಗೆ ಹೋಗಿ ಬಂದು ಸ್ಲೇಟಿನ ಮೇಲೆ ಬರೆದ: "ಬೆಣ್ಣಿ ಹಂಗ ಓಡ್ತೈತಿ ಜಂಬಣ್ಣ. ಕಾಲು ಇಟ್ರ ಸಾಕು, ನಿಲ್ತೈತಿ."

ನನ್ನ ಹೆಸರು ಊರಲ್ಲಿ ಮತ್ತೆ ಓಡಾಡುತ್ತಿದೆ. ನಿಮ್ಮ ಉಪಕಾರವನ್ನು ಮರೆಯುವುದಿಲ್ಲ.

ಜಂಬುನಾಥ

---

ಧಾರವಾಡ
3 ಅಕ್ಟೋಬರ್ 2006

ಜಂಬಣ್ಣ,

ಇದನ್ನು ಓದಿದ ಕೂಡಲೇ ಕೆಲಸ ಮಾಡಿ. ಬ್ರೇಕಿನ ಭಾಗ ಬರೆಯುವಾಗ ಒಂದು ಮಾತು ನನ್ನಿಂದ ಬಿಟ್ಟುಹೋಗಿತ್ತು. ಕ್ಯಾಲಿಪರಿನ ಎರಡು ಬೋಲ್ಟುಗಳು ಒಂದೇ ಸಲ ಬಳಸಲೆಂದು ಮಾಡಿದವು. ಒಮ್ಮೆ ಬಿಚ್ಚಿದರೆ ಅವುಗಳ ಹಿಡಿತ ಹೋಗುತ್ತದೆ. ಎಷ್ಟು ಬಿಗಿ ಮಾಡಿದರೂ ಗಾಡಿಯ ಅದುರಾಟಕ್ಕೆ ಸಡಿಲವಾಗಬಹುದು, ಆದ್ದರಿಂದ ಪ್ರತಿ ಸಲ ಹೊಸದನ್ನೇ ಹಾಕಬೇಕು ಎಂದು ಪುಸ್ತಕದಲ್ಲಿದೆ. ಚೌಕಟ್ಟು ಹಾಕಿ ಬರೆದಿದ್ದಾರೆ.

ಈಶ್ವರನಿಗೂ ಫೋನ್ ಮಾಡಿದ್ದೆ. ಗಾಡಿಯನ್ನು ಎರಡು ದಿನ ನಿಲ್ಲಿಸು ಎಂದೆ. "ಗಾಡಿ ಚೊಲೋ ಐತಿ ಅಕ್ಕ, ನೀ ನಿನ್ನ ಸಾಲಿ ನೋಡ್ಕೋ" ಎಂದು ಇಟ್ಟುಬಿಟ್ಟ. ಹನುಮಣ್ಣನಿಗೆ ನೀವೇ ಹೇಳಿ. ಬೋಲ್ಟ್ ಬದಲಾಯಿಸಿದ ಮೇಲೆ ನನಗೆ ಒಂದು ಸಾಲು ಬರೆಯಿರಿ.

ಶೈಲಜಾ

---

ಹೊಸಪೇಟೆ
19 ಅಕ್ಟೋಬರ್ 2006

ಶೈಲಮ್ಮನವರಿಗೆ,

ಕಾಗದ ತಲುಪಿತು. ಬೋಲ್ಟುಗಳನ್ನು ಬದಲಾಯಿಸಿದ್ದೇನೆ. ಈಗ ಗಾಡಿಯಲ್ಲಿ ಹೊಸವೇ ಇವೆ. ಬೆಂಗಳೂರಿನಿಂದ ತರಿಸಿದ್ದು. ನೀವು ಚಿಂತೆ ಮಾಡಬೇಡಿ.

ಜಂಬುನಾಥ

---

ಧಾರವಾಡ
14 ಜನವರಿ 2007

ಪ್ರೀತಿಯ ಜಂಬಣ್ಣ,

ಸಂಕ್ರಾಂತಿಯ ಶುಭಾಶಯ. ಎಳ್ಳು ಬೆಲ್ಲ ಇದರ ಜೊತೆಗಿದೆ.

ನವೆಂಬರಿನಲ್ಲಿ ಬರೆದ ಎರಡು ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಕೆಲಸ ಹೆಚ್ಚಿರಬೇಕು ಎಂದುಕೊಂಡೆ. ನಿಮ್ಮ ಅಕ್ಟೋಬರಿನ ಕಾಗದ ಬಂದ ದಿನ ನಾನು ಎಷ್ಟು ಹಗುರಾದೆ ಎಂದು ಹೇಳಲಾರೆ. ಅದಕ್ಕೂ ಮೊದಲಿನ ಹದಿನೈದು ದಿನ ಅಂಚೆಯವನ ದಾರಿ ಕಾದಿದ್ದೆ.

ಹೋದ ವಾರ ಹತ್ತನೆಯ ತರಗತಿಗೆ ನಿಮ್ಮ ಬಗ್ಗೆ ಹೇಳಿದೆ. ಕಿವಿ ಕೇಳದ ಒಬ್ಬ ಮೇಸ್ತ್ರಿ ಗೋಡೆಗೆ ಪಾಠ ಅಂಟಿಸಿಕೊಂಡು, ಒಂದೊಂದು ಸಾಲಿಗೆ ಗೀಟು ಹಾಕಿ, ಒಂದನ್ನೂ ಬಿಡದೆ ಕೆಲಸ ಮಾಡುತ್ತಾನೆ, ತಪ್ಪು ತಿಳಿದ ಕೂಡಲೇ ತಿದ್ದುತ್ತಾನೆ, ಓದುವುದೆಂದರೆ ಹಾಗೆ ಎಂದೆ.

ಬೇಸಿಗೆ ರಜೆಗೆ ಊರ ಕಡೆ ಬರೋಣವೆಂದಿದ್ದೇನೆ. ಈಶ್ವರ ಒಪ್ಪಿದರೆ ಅದೇ ಗಾಡಿಯಲ್ಲಿ ನೀವು, ನಾನು ಹಂಪಿಗೆ ಹೋಗಿ ಬರೋಣ. ಹನುಮಣ್ಣನಿಗೆ ಹೇಳಿಡಿ.

ಶೈಲಜಾ

---

ಹೊಸಪೇಟೆ
11 ಫೆಬ್ರವರಿ 2007

ಶೈಲಮ್ಮನವರಿಗೆ,

ನಿಮ್ಮ ಕಾಗದವನ್ನು ಇಪ್ಪತ್ತು ದಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಮಕ್ಕಳಿಗೆ ನನ್ನ ಹೆಸರು ಹೇಳಿದ್ದೀರಿ ಎಂದು ಓದಿದ ಮೇಲೆ ನನಗೆ ಸುಳ್ಳಿನಲ್ಲಿ ಕೂತಿರಲು ಆಗುತ್ತಿಲ್ಲ.

ನಿಮ್ಮ ಅಕ್ಟೋಬರಿನ ಕಾಗದ ಬರುವುದಕ್ಕೆ ಮೊದಲೇ ಎಲ್ಲ ಮುಗಿದಿತ್ತು. ಸೆಪ್ಟೆಂಬರ್ 27ರ ಮಧ್ಯಾಹ್ನ ಹನುಮಣ್ಣ ಸಂಡೂರಿಗೆ ಇಬ್ಬರು ಪರದೇಶದವರನ್ನು ಕರೆದುಕೊಂಡು ಹೋಗುತ್ತಿದ್ದ. ವಡ್ಡು ಊರಿನ ಹತ್ತಿರ ಮುಂದೆ ಹೋಗುತ್ತಿದ್ದ ಅದಿರು ಲಾರಿ ತಟ್ಟನೆ ನಿಂತಿತು. ಇವನು ಬ್ರೇಕ್ ಒತ್ತಿದ. ಎಡಗಡೆಯ ಕ್ಯಾಲಿಪರ್ ಕಳಚಿ, ಬ್ರೇಕ್ ಆಯಿಲಿನ ಹೋಸ್ ಪೈಪು ಹರಿದು, ಪೆಡಲ್ ನೆಲಕ್ಕೆ ಹೋಯಿತು. ಲಾರಿಗೆ ಹೊಡೆಯಬಾರದೆಂದು ಪಕ್ಕಕ್ಕೆ ತಿರುಗಿಸಿದ. ಅಲ್ಲಿ ಜಡೆಪ್ಪ ಎನ್ನುವವನು ಕಾರ್ಖಾನೆಯ ಪಾಳಿ ಮುಗಿಸಿ ಸೈಕಲ್ ಮೇಲೆ ಮನೆಗೆ ಹೋಗುತ್ತಿದ್ದ. ಸ್ಥಳದಲ್ಲೇ ಹೋದ.

ಠಾಣೆಯ ಅಂಗಳದಲ್ಲಿ ಜಾಗವಿಲ್ಲವೆಂದು ಗಾಡಿಯನ್ನು ಸಾಹುಕಾರರ ಯಾರ್ಡಿನಲ್ಲೇ ನಿಲ್ಲಿಸಿದ್ದರು. ನನ್ನನ್ನು ಅಲ್ಲಿಗೆ ಕರೆಸಿದರು. ನೋಡಿದರೆ ಒಂದು ಬೋಲ್ಟ್ ಇಲ್ಲವೇ ಇಲ್ಲ. ಇನ್ನೊಂದು ಬಾಗಿ ನೇತಾಡುತ್ತಿತ್ತು. ನಿಮ್ಮ ತಮ್ಮ ಬರೆದರು: "ನಾಡಿದ್ದು ಇನ್ಸ್‌ಪೆಕ್ಟರ್ ಗಾಡಿ ನೋಡಾಕ ಬರ್ತಾನ. ಅಷ್ಟ್ರಾಗ ಬ್ರೇಕ್ ಮೊದಲಿನಂಗ ಇರ್ಬೇಕು. ಇಲ್ಲಂದ್ರ ಮೊದಲು ಒಳಗ ಹೋಗಾಂವ ನೀನ." ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೊಸ ಬೋಲ್ಟ್, ಹೊಸ ಹೋಸ್ ಬಂದವು. ನಾನು ಹಾಕಿದೆ. ಬ್ರೇಕ್ ಸರಿ ಇದೆ, ಡ್ರೈವರನ ತಪ್ಪು ಎಂದು ವರದಿಯಾಯಿತು. ಬೋಲ್ಟ್ ಬದಲಾಯಿಸಿದ್ದೇನೆ ಎಂದು ನಿಮಗೆ ಬರೆದೆನಲ್ಲ, ಆ ಬೋಲ್ಟುಗಳು ಇವೇ.

ಇನ್ನೂ ಒಂದಿದೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಅಪಘಾತಕ್ಕೆ ಮೂರು ದಿನ ಮುಂಚೆ ಹನುಮಣ್ಣ ಶೆಡ್ಡಿಗೆ ಬಂದು ಬರೆದಿದ್ದ: "ಎಡಗಡೆ ಮುಂದಿನ ಗಾಲಿ ಕಟ್ ಕಟ್ ಅಂತೈತಿ ಜಂಬಣ್ಣ. ಬ್ರೇಕ್ ಹಿಡಿದಾಗ ಜಾಸ್ತಿ." ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿಬಂದೆ. ನನಗೇನು ಕೇಳುತ್ತದೆ? ಓಡುವ ಗಾಲಿಗೆ ಹಲ್ಲಿನಿಂದ ಸ್ಕ್ರೂಡ್ರೈವರ್ ಆನಿಸಲು ಬರುವುದಿಲ್ಲ. ನನಗೆ ಕೇಳಿಸುತ್ತಿಲ್ಲ ಎಂದು ಹೇಳಿ ಗಾಲಿ ಬಿಚ್ಚಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಹಾಗೆ ಹೇಳಲು ನಾಚಿಕೆಯಾಯಿತು. "ರಸ್ತಿ ಹಂಗೈತಿ, ಗಾಡಿಗೆ ಏನೂ ಆಗಿಲ್ಲ ಹೋಗಲೇ" ಎಂದುಬಿಟ್ಟೆ. ಅವನು ನನ್ನ ಮಾತು ನಂಬಿ ಹೋದ.

ಈಗ ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಲೈಸೆನ್ಸ್ ಕಿತ್ತುಕೊಂಡಿದ್ದಾರೆ. ಮೊದಮೊದಲು ಬ್ರೇಕ್ ಹತ್ತಲಿಲ್ಲ, ಬ್ರೇಕ್ ಹತ್ತಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದ. ಯಾರೂ ನಂಬಲಿಲ್ಲ. ಮೊನ್ನೆ ಶೆಡ್ಡಿಗೆ ಬಂದು ಬರೆದ: "ಜಂಬಣ್ಣ, ನಾ ಅವತ್ತು ಒತ್ತಿದ್ದು ಕ್ಲಚ್ ಏನು? ಎಲ್ಲಾರೂ ಹಂಗ ಅಂತಾರ. ನನಗೂ ಹಂಗ ಅನ್ಸಾಕತ್ತೈತಿ." ನಾನು ಸ್ಲೇಟು ಒರೆಸಿಬಿಟ್ಟೆ ಶೈಲಮ್ಮ.

ಮಾರ್ಚ್ 5ಕ್ಕೆ ಸಂಡೂರಿನ ಕೋರ್ಟಿನಲ್ಲಿ ಅವನ ವಿಚಾರಣೆ. ಬಾಗಿದ ಆ ಬೋಲ್ಟ್ ನನ್ನ ಹತ್ತಿರವೇ ಇದೆ. ಕೊಡಬೇಕು ಅನ್ನುತ್ತೇನೆ, ಮರುಗಳಿಗೆ ಜೈಲಿಗೆ ಹೆದರುತ್ತೇನೆ. ನೀವು ಒಂದು ಸಾಲು ಮರೆತಿರಿ, ಅಷ್ಟೇ. ನಿಮ್ಮ ಹೆಸರು ಎಲ್ಲಿಯೂ ತರುವುದಿಲ್ಲ.

ಜಂಬುನಾಥ

---

ಧಾರವಾಡ
16 ಫೆಬ್ರವರಿ 2007

ಜಂಬಣ್ಣ,

ನಾನು ಮರೆಯಲಿಲ್ಲ. ನೀವು ಅಷ್ಟು ಬಿಚ್ಚಿ ಬರೆದ ಮೇಲೆ ನಾನು ಮುಚ್ಚಿಟ್ಟುಕೊಂಡು ಕೂರುವುದು ಮನುಷ್ಯತ್ವವಲ್ಲ.

ಅಪ್ಪ ಪ್ರತಿ ವರ್ಷ ಆಯುಧಪೂಜೆಗೆ ಗಾಡಿಯ ಜೊತೆ ಆ ಪುಸ್ತಕವನ್ನೂ ಇಟ್ಟು ಪೂಜೆ ಮಾಡುತ್ತಿದ್ದರು. ನಡುವಿನ ಹಾಳೆ ತೆರೆದು, ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ಮೇಲೆ ಕುಂಕುಮ ಇಟ್ಟು ಹಸಿಯಾಗಿರುವಾಗಲೇ ಮುಚ್ಚಿಬಿಡುತ್ತಿದ್ದರು. ಕೊನೆಯ ವರ್ಷ ಅವರು ತೆರೆದದ್ದು ಬ್ರೇಕಿನ ಭಾಗ. ಆ ಎರಡು ಹಾಳೆ ಅಂಟಿಕೊಂಡಿದ್ದು ಆಗಸ್ಟಿನಲ್ಲಿ ಬರೆಯುವಾಗಲೇ ನನಗೆ ಗೊತ್ತಿತ್ತು. ಪುಟದ ಸಂಖ್ಯೆ ಹಾರಿದ್ದೂ ಕಂಡಿತ್ತು. ಬಿಡಿಸಿದರೆ ಅಪ್ಪನ ಮೂರು ಬೆರಳಿನ ಗುರುತು ಹರಿದುಹೋಗುತ್ತದೆ ಎಂದು ಬಿಡಿಸಲಿಲ್ಲ. ಹಿಂದಿನ ಪುಟ, ಮುಂದಿನ ಪುಟ ಸೇರಿಸಿ ಓದಿದರೆ ಅರ್ಥ ಕೂಡುತ್ತಿತ್ತು. ಒಳಗೆ ಅಂಥದ್ದೇನೂ ಇರಲಾರದು ಎಂದುಕೊಂಡೆ. ಎರಡು ಸಲ ಹೋಲಿಸಿ ನೋಡಿದ್ದೇನೆ ಎಂದು ನಿಮಗೆ ಬರೆದೆ.

ಅದೇ ಬೋಲ್ಟನ್ನು ತಿರುಗಿ ಹಾಕಿದೆ ಎಂದು ನೀವು ಬರೆದ ಮೇಲೆ ಮನಸ್ಸು ಚುಚ್ಚತೊಡಗಿತು. ಮೂರು ವಾರ ತಳ್ಳಿದೆ. ಅಕ್ಟೋಬರ್ ಒಂದರಂದು, ಆಯುಧಪೂಜೆಯ ದಿನ, ಹಬೆ ಹಿಡಿದು ಹಾಳೆ ಬಿಡಿಸಿದೆ. ಚೌಕಟ್ಟಿನೊಳಗಿನ ಆ ಮಾತು ಅಲ್ಲಿತ್ತು. ಆ ಮೂರು ವಾರದೊಳಗೇ ಜಡೆಪ್ಪ ಸತ್ತಿದ್ದು. ಸತ್ತವರ ಗುರುತು ಉಳಿಸಲು ಹೋಗಿ ಬದುಕಿದ್ದವನನ್ನು ಕಳೆದೆ. ಹೀಗೆ ಬರೆಯುವುದಕ್ಕೆ ನನಗೆ ಕೈ ಬರುತ್ತಿಲ್ಲ, ಆದರೆ ಇದಕ್ಕೆ ಬೇರೆ ಮಾತಿಲ್ಲ.

ಮಾರ್ಚ್ 5ಕ್ಕೆ ನಾನು ಸಂಡೂರಿಗೆ ಬರುತ್ತೇನೆ. ಪುಸ್ತಕ ತರುತ್ತೇನೆ. ನನ್ನ ಕೈಬರಹದ ಹಾಳೆ ನಿಮ್ಮ ಗೋಡೆಯ ಮೇಲಿದ್ದರೆ ಅದನ್ನು ತನ್ನಿ. ಈಶ್ವರ ನನ್ನ ತಮ್ಮ ಎಂದು ನೀವು ಹಿಂಜರಿಯಬೇಡಿ. ನಾನೂ ನಿಮ್ಮಷ್ಟೇ ಹೆದರಿದ್ದೇನೆ.

ಕೋರ್ಟಿಗೆ ಹೋಗುವ ಮೊದಲು ಮಾತ್ರ ಒಂದು ಕೆಲಸ ಮಾಡಿ. ಹನುಮಣ್ಣನಿಗೆ ಅವನು ಒತ್ತಿದ್ದು ಬ್ರೇಕೇ ಎಂದು ಹೇಳಿ. ಅದಕ್ಕೆ ಐದನೆಯ ತಾರೀಖು ಕಾಯಬೇಕಿಲ್ಲ.

ಶೈಲಜಾ

---

ಹೊಸಪೇಟೆ
22 ಏಪ್ರಿಲ್ 2007

ಶೈಲಮ್ಮನವರಿಗೆ,

ನೀವು ಪುಸ್ತಕ, ನಾನು ಆ ಬಾಗಿದ ಬೋಲ್ಟು ಕೋರ್ಟಿಗೆ ಕೊಟ್ಟು ಸಾಕ್ಷಿ ಹೇಳಿದ ಮೇಲೆ ಆದದ್ದನ್ನು ಬರೆಯುತ್ತೇನೆ. ಮತ್ತೊಮ್ಮೆ ತನಿಖೆ ಮಾಡಿರಿ ಎಂದು ಆದೇಶವಾಗಿದೆ. ಹನುಮಣ್ಣನ ಮೇಲಿನ ಕೇಸು ನಿಲ್ಲುವುದಿಲ್ಲ ಎಂದು ಅವನ ವಕೀಲರು ಹೇಳುತ್ತಾರೆ. ಹೊಸ ಕೇಸು ನನ್ನ ಮೇಲೆ ಆಗಿದೆ, ನಿಮ್ಮ ತಮ್ಮನ ಮೇಲೂ ಆಗಿದೆ. ಶೆಡ್ಡಿಗೆ ಈಗ ಯಾರೂ ಗಾಡಿ ತರುವುದಿಲ್ಲ. ಅದಕ್ಕೆ ನಾನು ಅಳುತ್ತಿಲ್ಲ.

ಹನುಮಣ್ಣನಿಗೆ ನಾನು ಹೇಳಿದ್ದು ಫೆಬ್ರವರಿಯಲ್ಲೇ, ನಿಮ್ಮ ಕಾಗದ ಬಂದ ದಿನ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಎದ್ದು ಹೊರಗೆ ಹೋಗಿ ಬೇವಿನ ಗಿಡ ಹಿಡಿದು ನಿಂತ. ಆಮೇಲೆ ಎರಡು ತಿಂಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೋರ್ಟಿನಲ್ಲಿ ನೀವೇ ಕಂಡಿರಿ.

ಹೋದ ಭಾನುವಾರ ಅವನೇ ಬಂದ. "ವಡ್ಡಿಗೆ ಹೋಗೂಣು ನಡಿ. ಯಲ್ಲಕ್ಕಗ ನಿನ್ನ ಬಾಯಿಂದ ಹೇಳು" ಎಂದು ಬರೆದ. ಯಲ್ಲಕ್ಕ ಎಂದರೆ ಜಡೆಪ್ಪನ ಹೆಂಡತಿ. ಬಸ್ಸಿನಲ್ಲಿ ಹೋದೆವು. ಆಕೆ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹನುಮಣ್ಣನನ್ನು ಕಂಡು ಮೊರ ಇಟ್ಟು ಎದ್ದು ನಿಂತಳು. ನಾನು ಅಂಗಳದಲ್ಲೇ ನಿಂತು ಎಲ್ಲ ಹೇಳಿದೆ. ಬೋಲ್ಟು, ಸದ್ದು, ಯಾರ್ಡಿನಲ್ಲಿ ಮಾಡಿದ್ದು, ಎಲ್ಲ. ನಿಮ್ಮ ಅಂಟಿದ ಹಾಳೆಯ ವಿಷಯವನ್ನೂ ನೀವು ಕೋರ್ಟಿನಲ್ಲಿ ಹೇಳಿದಂತೆಯೇ ಹೇಳಿದೆ. ನನ್ನ ದನಿ ಜೋರಾಗಿತ್ತೋ ಸಣ್ಣಗಿತ್ತೋ ನನಗೆ ತಿಳಿಯುವುದಿಲ್ಲ. ಪಕ್ಕದ ಮನೆಯವರು ಹೊರಗೆ ಬಂದಿದ್ದರಿಂದ ಜೋರಾಗಿಯೇ ಇದ್ದಿರಬೇಕು.

ಆಕೆ ಮಾತಾಡತೊಡಗಿದಳು. ಆಕೆಗೆ ಬರೆಯಲು ಬರುವುದಿಲ್ಲ. ಹನುಮಣ್ಣ ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಬರೆದು ನನಗೆ ತೋರಿಸಿದ. ಹಾಗೆಯೇ ನಿಮಗೆ ಇಳಿಸುತ್ತಿದ್ದೇನೆ: "ಏಳು ತಿಂಗಳಿಂದ ದಿನಾ ಮುಂಜಾನಿ ಈ ಹನುಮಣ್ಣನ ಹೆಸರು ಹಿಡಿದು ಮಣ್ಣು ತೂರೀನಿ. ಇವನ ಮನಿ ಹಾಳಾಗ್ಲಿ, ಇವನ ಮಕ್ಕಳು ಬೀದಿಗೆ ಬೀಳ್ಲಿ ಅಂದೀನಿ. ತೂರಿದ ಮಣ್ಣು ಈಗ ಹೆಂಗ ಆರಿಸಿಕೊಳ್ಲಿ?"

ತನ್ನ ಮೇಲಿನ ಶಾಪವನ್ನು ಅವನು ತನ್ನ ಕೈಯಿಂದಲೇ ಬರೆದ. ಒಂದು ಮಾತನ್ನೂ ಕಡಿಮೆ ಮಾಡಲಿಲ್ಲ.

"ಆ ಮಣ್ಣು ನನಗ ತೂರ್ರಿ ಅಕ್ಕ" ಎಂದೆ. ಆಕೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಹನುಮಣ್ಣನ ಮುಂದೆ ಇಟ್ಟಳು. ನನ್ನ ಮುಂದೆ ಇಡಲಿಲ್ಲ. ಬಿಸಿಲು ಬಹಳವಿತ್ತು, ನನಗೂ ಬಾಯಾರಿತ್ತು. ಹನುಮಣ್ಣ ಎರಡು ಗುಟುಕು ಕುಡಿದು ಚೊಂಬನ್ನು ನನ್ನ ಕಡೆ ಚಾಚಿದ. ಬೇಡವೆಂದು ತಲೆಯಾಡಿಸಿದೆ. ಅವನು ಪೂರ್ತಿ ಕುಡಿಯುವವರೆಗೆ ನಾನು ಅಲ್ಲೇ ನಿಂತಿದ್ದೆ.

ಜಂಬುನಾಥ